ಊರು ಆಮೇಲೆ, ರಸ್ತೆ ಮೊದಲು: ಇಬ್ಬರ ವೀಕೆಂಡ್‌ಗೆ ಜಾಗ ಆರಿಸುವುದು ಹೇಗೆ?

ಶುಕ್ರವಾರ ರಾತ್ರಿ ಹತ್ತು ಗಂಟೆಗೆ ‘ನಾಳೆ ಎಲ್ಲಿಗಾದ್ರೂ ಹೋಗೋಣ್ವಾ’ ಎಂದು ಶುರುವಾದ ಮಾತು ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಎರಡೇ ಕಡೆ ಮುಗಿಯುತ್ತದೆ. ಒಂದೋ ಪಕ್ಕದ ಮಾಲ್‌ನಲ್ಲಿ, ಇಲ್ಲವೇ ಬೆಳಗಿನ ಜಾವ ನಂದಿಬೆಟ್ಟದ ಕೆಳಗಿನ ಕಾರುಗಳ ಸಾಲಿನಲ್ಲಿ. ಜಾಗಗಳಿಗೇನೂ ಬರವಿಲ್ಲ. ಹುಡುಕುವ ಕ್ರಮವೇ ತಲೆಕೆಳಗಾಗಿರುತ್ತದೆ. ರೀಲ್ಸ್‌ನಲ್ಲಿ ಕಂಡ ಊರನ್ನು ಮೊದಲು ಹಿಡಿಯುತ್ತೇವೆ. ಆಮೇಲೆ ಕೋಣೆ, ಆಮೇಲೆ ದಾರಿ, ಎಲ್ಲ ಆದಮೇಲೆ ಸಮಯ. ಒಂದು ರಾತ್ರಿಗೆಂದು ಹೊರಡುವ ಜೋಡಿಗೆ ಇದು ಪೂರ್ತಿ ಉಲ್ಟಾ ಆಗಬೇಕು.

ಗಂಟೆ ಲೆಕ್ಕ ಹಾಕಿ, ಕಿಲೋಮೀಟರ್ ಅಲ್ಲ

ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಒಂದು ರಾತ್ರಿಯ ಪ್ರವಾಸಕ್ಕೆ ಅದೇ ಗಡಿ ಎಂದಿಟ್ಟುಕೊಳ್ಳಿ. ಮಡಿಕೇರಿ ಸುಮಾರು 260 ಕಿ.ಮೀ., ಚಿಕ್ಕಮಗಳೂರು ಸುಮಾರು 245 ಕಿ.ಮೀ. ಎರಡೂ ಚೆಂದದ ಊರುಗಳೇ. ಆದರೆ ಶನಿವಾರ ಬೆಳಗ್ಗೆ ಹೊರಟು ಭಾನುವಾರ ಸಂಜೆ ಮನೆ ಸೇರಬೇಕೆಂದರೆ ಅಲ್ಲಿ ನೋಡಿದ್ದಕ್ಕಿಂತ ಸ್ಟೀರಿಂಗ್ ಹಿಡಿದದ್ದೇ ಜಾಸ್ತಿ. ಅವನ್ನು ಎರಡು ರಾತ್ರಿ ಸಿಗುವ ಲಾಂಗ್ ವೀಕೆಂಡ್‌ಗೆ ಬಿಡಿ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಡ್ರೈವಿಂಗ್ ಬರುವುದಾದರೆ ಗಡಿಯನ್ನು ಇನ್ನೂ ಅರ್ಧ ಗಂಟೆ ಇಳಿಸಿ. ಬೆನ್ನು ಹಿಡಿದವರ ಜೊತೆ ಸಂಜೆಯ ವಾಕಿಂಗ್ ಅಷ್ಟು ಸೊಗಸಲ್ಲ.

ಮ್ಯಾಪ್‌ನಲ್ಲಿ ಸಮಯ ನೋಡುವಾಗಲೂ ಎಚ್ಚರ ಬೇಕು. ಮಂಗಳವಾರ ರಾತ್ರಿ ಹನ್ನೊಂದಕ್ಕೆ ತೋರಿಸುವ ಸಮಯ ಶನಿವಾರ ಬೆಳಗ್ಗೆ ಎಂಟಕ್ಕೆ ನಿಲ್ಲುವುದಿಲ್ಲ. ಹೊರಡುವ ದಿನ, ಗಂಟೆ ಹಾಕಿ ನೋಡುವ ಸೌಲಭ್ಯ ಅದರಲ್ಲೇ ಇದೆ. ವಾಪಸ್ ಬರುವ ಸಮಯವನ್ನೂ ಹಾಗೇ ನೋಡಿ. ಅಲ್ಲಿರುವುದೇ ನಿಜವಾದ ಪೆಟ್ಟು.

ನಿಮ್ಮ ಮನೆ ಯಾವ ದಿಕ್ಕಿಗಿದೆ?

ವೈಟ್‌ಫೀಲ್ಡ್‌ನಲ್ಲಿ ಮನೆ ಮಾಡಿಕೊಂಡು ದೇವರಾಯನದುರ್ಗಕ್ಕೆ ಹೊರಟರೆ ತುಮಕೂರು ರಸ್ತೆ ಮುಟ್ಟುವಷ್ಟರಲ್ಲಿ ಅರ್ಧ ಉತ್ಸಾಹ ಇಳಿದಿರುತ್ತದೆ. ಊರು ದಾಟುವುದೇ ಒಂದು ಪ್ರಯಾಣ. ಹಾಗಾಗಿ ಮನೆಗೆ ಹತ್ತಿರದ ಹೆದ್ದಾರಿ ಯಾವುದೋ ಆ ಕಡೆಗೇ ಜಾಗ ಹುಡುಕಿ.

ಹೆಬ್ಬಾಳ, ಯಲಹಂಕದವರಿಗೆ ಬಳ್ಳಾರಿ ರಸ್ತೆ. ಅಲ್ಲಿಂದ ಲೇಪಾಕ್ಷಿ ಸುಲಭ. ಆಂಧ್ರದ ಗಡಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಬಳಿ ಎಡಕ್ಕೆ ತಿರುಗಿದರೆ ಆಯಿತು. ಒಟ್ಟು ಸುಮಾರು 120 ಕಿ.ಮೀ. ವಿಜಯನಗರ ಕಾಲದ ಚಾವಣಿ ಚಿತ್ರಗಳು, ನೆಲಕ್ಕೆ ಪೂರ್ತಿ ತಾಗದ ಕಂಬ, ಊರಾಚೆ ಒಂದೇ ಕಲ್ಲಿನ ಬಸವಣ್ಣ. ಚಿತ್ರ ನೋಡುವ ತಾಳ್ಮೆ ಇಬ್ಬರಿಗೂ ಇದ್ದರೆ ಅರ್ಧ ದಿನ ಹೋದದ್ದೇ ಗೊತ್ತಾಗುವುದಿಲ್ಲ. ನಂದಿಬೆಟ್ಟಕ್ಕೇ ಹೋಗಬೇಕೆಂದಿದ್ದರೆ ವಾರದ ದಿನ ಹೋಗಿ. ಶನಿವಾರವೇ ಆಗಬೇಕೆಂದರೆ ಬೆಟ್ಟ ಬಿಟ್ಟು ಕೆಳಗಿನ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಕೂರುವುದು ಮೇಲು.

ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಹೊಸೂರು ರಸ್ತೆ. ಕೃಷ್ಣಗಿರಿ ದಾಟಿ ಏಲಗಿರಿಗೆ ಸುಮಾರು 160 ಕಿ.ಮೀ. ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತಬೇಕು. ಊಟಿಯಷ್ಟು ಚಳಿ ನಿರೀಕ್ಷಿಸಬೇಡಿ. ಕೆ.ಆರ್. ಪುರದವರು ಹಳೇ ಮದ್ರಾಸ್ ರಸ್ತೆ ಹಿಡಿದು ಮದನಪಲ್ಲಿ ಹತ್ತಿರದ ಹಾರ್ಸ್ಲಿ ಹಿಲ್ಸ್‌ಗೆ ಹೋಗಬಹುದು.

ಯಶವಂತಪುರ, ಪೀಣ್ಯದವರಿಗೆ ತುಮಕೂರು ರಸ್ತೆ. ಶಿವಗಂಗೆ, ದೇವರಾಯನದುರ್ಗ ಒಂದು ದಿನಕ್ಕೇ ಮುಗಿಯುತ್ತವೆ. ನೆಲಮಂಗಲದಲ್ಲಿ ಹಾಸನದ ದಾರಿ ಹಿಡಿದರೆ ಸಕಲೇಶಪುರ. ಸುಮಾರು 220 ಕಿ.ಮೀ., ಮೂರು ಗಂಟೆಯ ಗಡಿ ಮೀರುತ್ತದೆ. ಶುಕ್ರವಾರ ಮಧ್ಯಾಹ್ನವೇ ಹೊರಡಲು ಆಗುವವರಿಗೆ ಮಾತ್ರ ಸರಿ.

ಮೈಸೂರು ರಸ್ತೆಯವರ ಅದೃಷ್ಟ ದೊಡ್ಡದು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಶ್ರೀರಂಗಪಟ್ಟಣ, ಮೇಲುಕೋಟೆ, ಮೈಸೂರು ಮೂರೂ ಕೈಗೆ ಸಿಕ್ಕಿವೆ. ಆದರೆ ಬೈಕ್‌ನಲ್ಲಿ ಹೋಗುವ ಜೋಡಿಗಳು ನೆನಪಿಡಿ. 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಕ್ಯಾಮೆರಾಗಳೂ ಇವೆ. ಇನ್ನೊಂದು ವಿಷಯ: ಎಕ್ಸ್‌ಪ್ರೆಸ್‌ವೇಯಲ್ಲೇ ಸಾಗಿದರೆ ಬಿಡದಿಯ ತಟ್ಟೆ ಇಡ್ಲಿಯೂ ಇಲ್ಲ, ಮದ್ದೂರು ವಡೆಯೂ ಇಲ್ಲ. ಬೇಕಾದರೆ ಹಳೇ ರಸ್ತೆಗೆ ಇಳಿಯಬೇಕು. ನನ್ನನ್ನು ಕೇಳಿದರೆ ಹೋಗುವಾಗ ಇಳಿಯಿರಿ, ಬರುವಾಗ ಬೇಡ.

ಜಯನಗರ, ಬನಶಂಕರಿ, ಜೆ.ಪಿ. ನಗರದವರಿಗೆ ಕನಕಪುರ ರಸ್ತೆ ಇದೆ. ನನಗೆ ತುಂಬಾ ಇಷ್ಟದ ಸುತ್ತು ಇದೇ ಕಡೆ. ಕನಕಪುರ, ಮಳವಳ್ಳಿ ದಾಟಿ ಶಿವನಸಮುದ್ರ. ಗಗನಚುಕ್ಕಿ, ಭರಚುಕ್ಕಿ ಎರಡನ್ನೂ ಮಧ್ಯಾಹ್ನದೊಳಗೆ ನೋಡಿ. ಸಂಜೆ ಬಿಸಿಲು ಇಳಿದಮೇಲೆ ತಲಕಾಡು. ಮಧ್ಯಾಹ್ನ ಅಲ್ಲಿನ ಮರಳು ಕಾಲು ಸುಡುತ್ತದೆ, ದೇವಸ್ಥಾನಗಳಿಗೆ ಅದರ ಮೇಲೇ ನಡೆಯಬೇಕು. ರಾತ್ರಿ ಮೈಸೂರಿನಲ್ಲಿ ಉಳಿದು, ಭಾನುವಾರ ಬೆಳಗ್ಗೆ ಸೋಮನಾಥಪುರ. ಮೈಸೂರಿನಿಂದ 35 ಕಿ.ಮೀ. ಆಸುಪಾಸು. 13ನೇ ಶತಮಾನದ ಈ ಹೊಯ್ಸಳ ಗುಡಿ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೇಲೂರಿನಷ್ಟು ಗದ್ದಲ ಇಲ್ಲ. ಹೊರಗೋಡೆಯ ಮೂರ್ತಿಗಳ ಪೀಠವನ್ನು ಬಗ್ಗಿ ನೋಡಿ. ಕೆತ್ತಿದವನ ಹೆಸರು ಅಲ್ಲಲ್ಲಿ ಕಾಣುತ್ತದೆ. ಮಲ್ಲಿತಮ್ಮ ಎಂಬ ಶಿಲ್ಪಿಯ ಸಹಿ ಮತ್ತೆ ಮತ್ತೆ ಬರುತ್ತದೆ. ಯಾರು ಮೊದಲು ಹುಡುಕುತ್ತಾರೋ ಅವರಿಗೆ ಇನ್ನೊಬ್ಬರು ಕಾಫಿ ಕೊಡಿಸಬೇಕು ಎಂದು ಪಂದ್ಯ ಕಟ್ಟಿಕೊಳ್ಳಬಹುದು.

ತಿಂಗಳು ನೋಡಿಕೊಳ್ಳಿ

ಶಿವನಸಮುದ್ರ ಏಪ್ರಿಲ್‌ನಲ್ಲಿ ಬರೀ ಬಂಡೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ, ಅದರ ಗತ್ತೇ ಬೇರೆ. ಆದರೆ ಕಾವೇರಿ ಎಲ್ಲಿಯೂ ಈಜುವ ಜಾಗವಲ್ಲ. ಮುತ್ತತ್ತಿ, ಮೇಕೆದಾಟು, ತಲಕಾಡಿನ ಸುಳಿಗಳು ಪ್ರತಿ ವರ್ಷ ಜೀವ ತೆಗೆಯುತ್ತವೆ.

ಮಲೆನಾಡಿಗೆ ಜೂನ್‌ನಿಂದ ಮೂರು ತಿಂಗಳು ಮಳೆ, ಜಿಗಣೆ. ಮಳೆ ನೋಡುತ್ತಾ ಜಗಲಿಯಲ್ಲಿ ಕೂರುವುದೇ ಇಷ್ಟ ಎನ್ನುವವರು ಧಾರಾಳವಾಗಿ ಹೋಗಿ, ಬೆಟ್ಟ ಹತ್ತುವ ಆಸೆ ಇಟ್ಟುಕೊಳ್ಳಬೇಡಿ. ಕಾಫಿ ಹೂ ನೋಡಬೇಕೆಂದರೆ ಫೆಬ್ರುವರಿಯಿಂದ ಏಪ್ರಿಲ್ ನಡುವೆ ತೋಟದವರಿಗೆ ಫೋನ್ ಮಾಡಿ ‘ಹೂಮಳೆ ಬಿತ್ತಾ’ ಎಂದು ಕೇಳಿ. ಮಳೆ ಬಿದ್ದು ವಾರ-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಹೂ ನಿಲ್ಲುವುದು ಕೆಲವೇ ದಿನ. ಕ್ಯಾಲೆಂಡರ್ ನೋಡಿ ಬುಕ್ ಮಾಡಿದರೆ ಸಿಗುವ ಮಾಲಲ್ಲ ಅದು.

ಮನೆಯಲ್ಲೇ ಜಗಳ ಮುಗಿಸಿ

ಒಬ್ಬರಿಗೆ ಸ್ವಿಮ್ಮಿಂಗ್ ಪೂಲ್, ಇನ್ನೊಬ್ಬರಿಗೆ ಪುಳಿಯೋಗರೆ. ಮೇಲುಕೋಟೆಗೆ ಹೋದಮೇಲೆ ಇದು ಗೊತ್ತಾದರೆ ಕಷ್ಟ, ಅಲ್ವಾ? ಅಲ್ಲಿ ಕಲ್ಯಾಣಿ, ರಾಯಗೋಪುರ, ಯೋಗನರಸಿಂಹನ ಬೆಟ್ಟದ ಮೆಟ್ಟಿಲು, ಸಂಜೆಯ ಗಾಳಿ ಎಲ್ಲ ಇದೆ. ರೆಸಾರ್ಟ್ ಸುಖ ಇಲ್ಲ. ಹೊರಡುವ ಮೊದಲು ಇಬ್ಬರೂ ತಮಗೆ ಬೇಕೇಬೇಕಾದ ಒಂದೊಂದು ವಿಷಯ ಹೇಳಿ. ಸುಮ್ನೆ ಮಲಗಬೇಕು ಎನ್ನುವುದೂ ಒಂದು ವಿಷಯವೇ. ಎರಡೂ ಸಿಗುವ ಜಾಗ ಗಡಿಯೊಳಗೆ ಇದ್ದರೆ ಸರಿ. ಇಲ್ಲವಾದರೆ ಈ ಸಲ ಒಬ್ಬರದು, ಮುಂದಿನ ಸಲ ಇನ್ನೊಬ್ಬರದು.

ಕೋಣೆ ಬುಕ್ ಮಾಡುವ ಮೊದಲು ಒಂದು ಫೋನ್

ಆ್ಯಪ್‌ನಲ್ಲಿ ಫೋಟೊ ನೋಡಿ ದುಡ್ಡು ಕಟ್ಟಬೇಡಿ. ಫೋನ್ ಮಾಡಿ. ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ:

‘ರೇಟ್ ರೂಮಿಗಾ, ತಲೆಗಾ?’

‘ತಲೆಗೆ ಸರ್. ಊಟ, ತಿಂಡಿ, ಸಂಜೆ ಬಜ್ಜಿ ಎಲ್ಲಾ ಸೇರಿ.’

‘ಶನಿವಾರ ಬೇರೆ ಯಾರಿದ್ದಾರೆ?’

‘ಒಂದು ಗ್ರೂಪ್ ಇದೆ ಸರ್, ಹದಿನೈದು ಹುಡುಗರು. ಕ್ಯಾಂಪ್‌ಫೈರ್, ಮ್ಯೂಸಿಕ್ ಎಲ್ಲಾ ಇರುತ್ತೆ, ನೀವೂ ಸೇರ್ಕೊಬಹುದು.’

ಇಲ್ಲಿಗೆ ‘ಆಮೇಲೆ ಹೇಳ್ತೀನಿ’ ಎಂದು ಇಡಬಹುದು. ಇಬ್ಬರೇ ಇರಬೇಕೆಂದು ಹೋಗುವವರಿಗೆ ಈ ಎರಡನೇ ಪ್ರಶ್ನೆಯಷ್ಟು ಮುಖ್ಯವಾದದ್ದು ಬೇರೆ ಇಲ್ಲ. ಕೊನೆಯ ಎರಡು ಕಿಲೋಮೀಟರ್‌ಗೆ ಕಾರು ಹೋಗುತ್ತದೋ, ಅವರ ಜೀಪ್ ಬರಬೇಕೋ ಎಂಬುದನ್ನೂ ಕೇಳಿ. ಜೀಪ್ ಆದರೆ ಬಾಡಿಗೆ ಬೇರೆಯಾ ಅಂತಲೂ.

ಮದುವೆಯಾಗದವರು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ಅಂಥ ಜೋಡಿಗೆ ಕೋಣೆ ಕೊಡಬಾರದು ಎಂಬ ಕಾನೂನೇನೂ ಇಲ್ಲ. ಆದರೂ ಕೆಲವರು ಕೊಡುವುದಿಲ್ಲ. ರಾತ್ರಿ ಎಂಟಕ್ಕೆ ರಿಸೆಪ್ಷನ್‌ನಲ್ಲಿ ವಾದ ಮಾಡುವುದಕ್ಕಿಂತ ಫೋನ್‌ನಲ್ಲೇ ಕೇಳಿ, ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಮದುವೆ ಆಗಿರಲಿ, ಬಿಡಲಿ, ಇಬ್ಬರ ಗುರುತಿನ ಚೀಟಿಯೂ ಬೇಕು.

ಗೇಟು, ಪಾಸು

ಮೂರು ಗಂಟೆಯ ಗಡಿ ಮೀರಿ ಹೋಗುವವರಿಗೆ ಎರಡು ಮಾತು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು.

ವಾಪಸ್ ಬರುವುದನ್ನು ಮೊದಲೇ ನಿರ್ಧರಿಸಿ

ಭಾನುವಾರ ಸಂಜೆ ಆರರ ಮೇಲೆ ನೆಲಮಂಗಲ, ಕೆಂಗೇರಿ, ಹೊಸೂರು ಎಲ್ಲ ಒಂದೇ. ಊರಿಗೆ ಊರೇ ವಾಪಸ್ ಬರುತ್ತಿರುತ್ತದೆ. ಊಟ ಮುಗಿಸಿ ಎರಡಕ್ಕೇ ಹೊರಡಿ. ದಾರಿಯಲ್ಲಿ ‘ಇದೊಂದು ದೇವಸ್ಥಾನ ನೋಡ್ಕೊಂಡು ಹೋಗೋಣ’ ಎನ್ನುವವರನ್ನು ಪ್ರೀತಿಯಿಂದಲೇ ತಡೆಯಿರಿ.

ಸೋಮವಾರ ರಜೆ ಸಿಗುವುದಾದರೆ ಆಟವೇ ಬೇರೆ. ಭಾನುವಾರ ಬೆಳಗ್ಗೆ ತಡವಾಗಿ ತಿಂಡಿ ತಿಂದು ಮೈಸೂರಿಗೆ ಹೊರಡಿ. ಎಲ್ಲರೂ ವಾಪಸಾಗುವ ಹೊತ್ತಿಗೆ ನೀವು ಅಲ್ಲಿ ಇರುತ್ತೀರಿ. ಕೋಣೆ ಬಾಡಿಗೆಯೂ ಶನಿವಾರಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಇರುತ್ತದೆ. ಮೃಗಾಲಯಕ್ಕೆ ರಜೆ ಮಂಗಳವಾರ, ಹಾಗಾಗಿ ಸೋಮವಾರ ಬೆಳಗ್ಗೆ ಅದನ್ನೂ ಸುತ್ತಬಹುದು. ಹೆದ್ದಾರಿ ಟೋಲ್‌ನಲ್ಲಿ 24 ಗಂಟೆಯೊಳಗೆ ವಾಪಸಾದರೆ ಬರುವ ದಾರಿಯ ಶುಲ್ಕ ಅರ್ಧ. ಸೋಮವಾರ ಮೃಗಾಲಯ ಬಿಟ್ಟು, ಭಾನುವಾರ ಟೋಲ್ ದಾಟಿದ ಹೊತ್ತಿನೊಳಗೆ ಮತ್ತೆ ಅಲ್ಲಿಗೆ ಬಂದರೆ ಅದೂ ಉಳಿಯುತ್ತದೆ.