ನೀರು ಮೊದ್ಲು, ಬ್ಲೇಡ್ ಆಮ್ಯಾಲ: ಮುಂಬೈದಾಗ ದಾಡಿ ಮಾಡೋ ನನ್ನ ಅನುಭವ

ಅವಸರದಾಗ ಇದ್ದವರಿಗೆ ನಾ ದಾಡಿ ಮಾಡೂದಿಲ್ಲ. ಮುಲುಂಡ ಸ್ಟೇಷನ್ ಹತ್ರ ಅಂಗಡಿ ಇಟ್ಕೊಂಡು ಮುಂಜಾನಿ ಹೊತ್ನ್ಯಾಗ ಹಿಂಗ ಅಂದ್ರ ಧಂದಾ ಹೆಂಗ ನಡೀಬೇಕು ಅಂತ ಬಾಜೂಕಿನ ಅಂಗಡಿಯವರು ಕೇಳ್ತಾರ, ಆದ್ರೂ ನಾ ಬದಲಾಗಿಲ್ಲ. ಫಾಸ್ಟ್ ಲೋಕಲ್ ಹಿಡಿಯೋ ಗಡಿಬಿಡಿಯೊಳಗ ಬಂದು "ಭಾವೂ, ಪಾಂಚ್ ಮಿನಿಟ್ ಮೇ ದಾಡಿ ಮಾರ್ ದೋ" ಅಂತಾರ, ನಾ ಸಂಜಿಗೆ ಬರ್ರಿ ಅಂತೀನಿ. ಕಟಿಂಗ್ ಬೇಕಾದ್ರ ಸ್ವಲ್ಪ ಲಗೂನ ಮುಗಿಸಬಹುದು, ದಾಡಿ ಆಗೂದಿಲ್ಲ. ಐದು ಮಿನಿಟಿನಾಗ ಕೂದಲಾ ನೆನೆಯೂದಿಲ್ಲ, ನೆನೀಲಾರದ ಕೂದಲದ ಮ್ಯಾಲ ಬ್ಲೇಡ್ ಆಡಿಸಿದ್ರ ಅದು ಕೊಯ್ಯೂದಿಲ್ಲ, ಕೆರೀತದ. ದಾದರ್ ಮುಟ್ಟೂದ್ರಾಗ ಬೆವರು ಇಳಿದು ಕುತಗಿ ಉರೀಲಿಕ್ಕ ಹತ್ತತದ, ಆಗ ಗಿರಾಕಿ ಬೈಯೋದು ಬ್ಲೇಡಿಗೆ. ಬ್ಲೇಡಿಂದು ಏನೂ ತಪ್ಪಿರೂದಿಲ್ಲ.

ನೀರಿನ ಮಾತು ನಾ ಕಲ್ತದ್ದು ನಮ್ಮಪ್ಪನ ಕಡೆಯಿಂದ. ಇಂಡಿ ತಾಲ್ಲೂಕಿನ ಹಳ್ಳಿಯೊಳಗ ಬೇವಿನ ಗಿಡದ ಕೆಳಗ ಕೂತು ಕೆಲಸಾ ಮಾಡ್ದಾಂವ, ರೊಕ್ಕ ಕಮ್ಮಿ, ಸುಗ್ಗಿಗೆ ಆಯದ ಜೋಳ, ಅಂದ್ರ ಕೂಲಿ ಬದಲಿ ಕಾಳು, ಬರ್ತಿತ್ತು. ಅವನ ಕಡೆ ಇದ್ದದ್ದು ಪೂರಾ ಕತ್ತಿ, ಕಲ್ಲಿಗೆ ಮಸೆದು ತೊಗಲಿನ ಪಟ್ಟಿಗೆ ತಿಕ್ಕಿ ಹರಿತ ಮಾಡ್ತಿದ್ದ. ಅಲ್ಲಿ ಬೋರಿನ ನೀರು ಗಡಸು, ಸಾಬೂನು ಎಷ್ಟು ತಿಕ್ಕಿದ್ರೂ ನೊರಿ ನಿಲ್ಲೂದಿಲ್ಲ, ಅದ್ರಾಗ ವಿಜಯಪುರದ ಬಿಸಲಿಗೆ ಹಚ್ಚಿದ ನೊರಿ ಮುಖದ ಮ್ಯಾಲೇ ಒಣಗಿ ಪಾಪಡಿ ಆಗ್ತಿತ್ತು. ಅದಕ್ಕ ಅಪ್ಪ ಮತ್ತ ಮತ್ತ ಕೈ ತೋಯಿಸಿ ಗಲ್ಲ ತಿಕ್ಕತಿದ್ದ, ಬರೇ ನೀರಿಂದ, ಸಾಬೂನು ಇನ್ನೂ ಮುಟ್ಟದs. ಮುಂಬೈಗೆ ಬಂದ ಮ್ಯಾಲ ನೋಡಿದ್ರ ಇಲ್ಲಿ ಎಲ್ಲಾ ಉಲ್ಟಾ. ತಾನಸಾ, ಭಾತ್ಸಾ ಕೆರಿಗಳ ಮಳಿ ನೀರು, ಮೆತ್ತಗ, ಬ್ರಶ್ ನಾಕು ಸಲ ತಿರುವಿದ್ರ ನೊರಿ ಉಕ್ಕಿ ಬರ್ತದ, ಹವಾದಾಗ ಪಸಿ ಇರೋದಕ್ಕ ಒಣಗೂದೂ ಇಲ್ಲ. ನೊರಿ ಇಷ್ಟು ಸಸಾರ ಬರೋದಕ್ಕs ಇಲ್ಲಿ ಎಲ್ಲಾರೂ ನೆನೆಸೋದು ಬಿಟ್ಟುಬಿಟ್ಟಾರ ಅಂತ ನನಗ ಅನಸ್ತದ. ನೊರಿ ಕಂಡ್ರ ಕೂದಲಾ ನೆಂದದ ಅಂತ ತಿಳ್ಕೋಬಾರ್ದು.

ಕಟಿಂಗ್, ದಾಡಿ ಎರಡೂ ಇದ್ರ ಕಟಿಂಗ್ ಮೊದ್ಲು. ಕತ್ತರಿಸಿದ ಕೂದಲಾ ನೊರಿ ಹಚ್ಚಿದ ಮುಖದ ಮ್ಯಾಲ ಬೀಳಬಾರ್ದು, ಮತ್ತ ಕಲ್ಲಿ, ಅಂದ್ರ ಕಿವಿ ಮುಂದಿನ ಕೂದಲಾ, ಎಲ್ಲಿಗೆ ನಿಲ್ಲಬೇಕು ಅನ್ನೋದು ತಲಿ ಕಟಿಂಗ್ ಮ್ಯಾಲ ನಿಂತದ. ತಲಿ ನೀರು ಹೊಡಿಯೋಕ್ಕಿಂತ ಮೊದ್ಲು ಒಣಾ ಇದ್ದಾಗ ಒಂದ್ಸಲ ಹಣಿಗಿ ಆಡಿಸಿ ಸುಳಿ ಎಲ್ಲದ, ಎಷ್ಟವ ನೋಡ್ಕೋತೀನಿ. ಹಸಿ ಕೂದಲಾ ಉದ್ದ ಕಾಣಸ್ತದ, ಒಣಗಿದ ಮ್ಯಾಲ ಮ್ಯಾಲೆ ಏರ್ತದ, ಸುಳಿ ಹತ್ರ ಗಿಡ್ಡ ಆತಂದ್ರ ನೆಟ್ಟಗ ನಿಂತು ಬಿಡ್ತದ. ಮಶೀನ್ ಕೇಳೋ ಹುಡುಗರಿಗೆ ನಾ ದೊಡ್ಡ ನಂಬರಿನ ಹಣಿಗಿಯಿಂದ ಶುರು ಮಾಡಿ ಸಣ್ಣದಕ್ಕ ಇಳೀತೀನಿ, ಒಂದನೇ ನಂಬರ್ ಅಂದ್ರ ಸುಮಾರು 3 ಮಿಲಿಮೀಟರ್ ಅಷ್ಟೇ ಉಳಿತದ, ಹಚ್ಚಿದ ಮ್ಯಾಲ ವಾಪಸ್ ತರೋಕ್ಕಾಗೂದಿಲ್ಲ.

ಈಗ ದಾಡಿ. ಮೊದ್ಲು ಒಣಾ ಮುಖದ ಮ್ಯಾಲ ಬೆರಳು ಆಡಸ್ತೀನಿ, ಕೆಳಗ ಎಳೆದ್ರ ನುಣ್ಣಗ, ಮ್ಯಾಲ ಎಳೆದ್ರ ಒರಟು, ಅಂದ್ರ ಅಲ್ಲಿ ಕೂದಲಾ ಕೆಳಮುಖ. ಗಲ್ಲದ ಮ್ಯಾಲ ಭಾಳಷ್ಟು ಮಂದಿಗೆ ಕೆಳಮುಖನೇ ಇರ್ತದ. ಕುತಗಿಯೊಳಗ ಮಾತ್ರ ಯಾರದೂ ಯಾರಂಗೂ ಇಲ್ಲ, ಒಬ್ಬರಿಗೆ ಮ್ಯಾಲಕ್ಕ, ಒಬ್ಬರಿಗೆ ಕಿವಿ ಕಡೆ ಅಡ್ಡಕ್ಕ, ಕೆಲವರಿಗೆ ಗಂಟಲಗಡ್ಡಿ ಬಾಜೂಕ ಸುಳಿನೇ ಇರ್ತದ. ಇದನ್ನ ನೊರಿ ಹಚ್ಚಿದ ಮ್ಯಾಲ ನೋಡಾಕ ಬರೂದಿಲ್ಲ. ಆಮೇಲೆ ಬಿಸಿ ನೀರಾಗ ಹಿಂಡಿದ ಟಾವೆಲ್, ಎರಡು ಮೂರು ಮಿನಿಟ್. ನೀರು ಕುಡಿದ ಕೂದಲಾ ಉಬ್ಬಿ ಮೆತ್ತಗಾಗ್ತದ, ಕೊಯ್ಯಾಕ ಜೋರು ಭಾಳ ಕಮ್ಮಿ ಸಾಕು. ಮ್ಯಾಲ ಒಂದು ಬದಾಮಿಯಷ್ಟು ಕ್ರೀಮ್ ತಗೊಂಡು ಬ್ರಶ್ ಗೋಲ ಗೋಲ ತಿರುವಿ ತೊಗಲಿಗೆ ಅಂಟಿ ಮಲಗಿದ ಕೂದಲಾ ಎಬ್ಬಸ್ತೀನಿ. ಗದ್ದ, ಮೀಸಿ ಜಾಗಾ ಭಾಳ ಗಡಸು, ಅದಕ್ಕ ಅಲ್ಲಿ ನೊರಿ ಮೊದ್ಲು ಹಚ್ಚಿ, ಬ್ಲೇಡ್ ಕಡೀಕ ಒಯ್ತೀನಿ.

ಬ್ಲೇಡ್ ಗಿರಾಕಿ ಕಣ್ಣ ಮುಂದs ಮುರೀಬೇಕು. ಕಾಗದದ ಒಳಗ ಇದ್ದಾಗಲೇ ಉದ್ದಕ್ಕ ಮಡಚಿದ್ರ ಟಕ್ ಅಂತ ಎರಡು ತುಂಡು ಆಗ್ತದ, ಒಂದು ಅರ್ಧ ಉಸ್ತರಾಕ್ಕ, ಅಂದ್ರ ಬ್ಲೇಡ್ ಹಾಕೋ ಕತ್ತಿಗೆ, ಇನ್ನೊಂದು ಅದೇ ಕಾಗದದಾಗ ಕೋರಾ ಉಳಿತದ, ಬ್ಯಾರೆ ಗಿರಾಕಿಗೆ. ಬಳಸಿದ್ದು ಡಬ್ಬಿಗೆ. ಏಡ್ಸ್ ತಿಳುವಳಿಕಿ ಬಂದ ಮ್ಯಾಲ ಅಂಗಡಿಗಳು ಪೂರಾ ಕತ್ತಿ ಬಿಟ್ಟು ಅರ್ಧ ಬ್ಲೇಡಿಗೆ ಬಂದವು, ಛಲೋನೇ ಆತು. ಆದ್ರ ರಕ್ತದಿಂದ ಹರಡೋ ಲಿವರಿನ ಬ್ಯಾನಿ ಹೆಪಟೈಟಿಸ್ ಬಿ ಬಗ್ಗೆ ಯಾರೂ ಮಾತಾಡೂದಿಲ್ಲ, ಆ ವೈರಸ್ ಮೈಯಿಂದ ಹೊರಗ ಬಿದ್ದ ಮ್ಯಾಲೂ ಕಮ್ಮೀತ ಕಮ್ಮಿ 7 ದಿನ ಜೀವಂತ ಇರ್ತದ. ಅದಕ್ಕ ಫಿಟ್ಕರಿದು, ಅಂದ್ರ ಪಟಿಕದ್ದು, ಒಂದೇ ತುಂಡು ಎಲ್ಲಾರ ಮುಖಕ್ಕೂ ತಿಕ್ಕೋದು ನಾ ಬಿಟ್ಟೀನಿ, ಪುಡಿ ಮಾಡಿ ಇಟ್ಟೀನಿ, ಹಸಿ ಹತ್ತಿಗೆ ಅದ್ದಿ ಹಚ್ಚಿ ಹತ್ತಿ ಒಗೀತೀನಿ. ಗಾಯದಾಗ ರಕ್ತ ಕಟ್ಟೋ ಕೆಲಸಾ ಪುಡಿನೂ ಅಷ್ಟs ಮಾಡ್ತದ.

ಉಸ್ತರಾ ತೊಗಲಿಗೆ ಸುಮಾರು 30 ಡಿಗ್ರಿ ಓರೆ. ಭಾಳ ಮಲಗಿಸಿದ್ರ ಕೂದಲಾ ಜಗ್ತದ, ಎಬ್ಬಿಸಿದ್ರ ತೊಗಲಾ ಕೊಯ್ತದ. ಎಡಗೈ ಹೆಬ್ಬೆಟ್ಟಿನಿಂದ ತೊಗಲು ಬಿಗಿ ಹಿಡಿದು ಮೊದಲ ಸುತ್ತು ಕೂದಲಿದ್ದ ದಿಕ್ಕಿಗೇ ಸಣ್ಣ ಸಣ್ಣ ಎಳೆತ, ಉಸ್ತರಾದ ಭಾರ ಸಾಕು, ಕೈ ಒತ್ತಬಾರ್ದು. ದಾಡಿ ನಡದಾಗ ನಾ ರೇಡಿಯೊ ಬಂದ್ ಮಾಡ್ತೀನಿ, ಯಾಕಂದ್ರ ಬ್ಲೇಡಿನ ಸಪ್ಪಳ ಕೇಳಬೇಕು. ನೆಂದ ಕೂದಲಾ ಸಣ್ಣಗ ಸರ್ ಅಂತದ, ಕರ್ ಕರ್ ಅಂದ್ರ ಅಲ್ಲಿ ಇನ್ನೂ ಒಣಾ ಅದ, ನಿಂತು ಮತ್ತ ನೀರು ಹಚ್ಚಬೇಕು. ಗಂಟಲಗಡ್ಡಿ ಮ್ಯಾಲ ನೇರ ಬ್ಲೇಡ್ ಒಯ್ಯೂದಿಲ್ಲ, ತೊಗಲು ಬಾಜೂಕ ಸರಿಸಿ ಎಲುಬಿಂದ ಇಳಿಸ್ಕೊಂಡು ಅಲ್ಲಿ ತೆಗೀತೀನಿ.

ನಮ್ಮ ಕಡೆ ಒಬ್ಬರು ಹಿರಿಯರು ಬರ್ತಾರ, ಕಲಬುರ್ಗಿ ಕಡೆಯವರು, ಗಿರಣಿಯೊಳಗ ಕೆಲಸಾ ಮಾಡಿ ರಿಟೈರ್ ಆದವರು, ಬಂದ ಕೂಡ್ಲೇ ಹಲ್ಲಿನ ಸೆಟ್ ತೆಗೆದು ಕಿಸೆದಾಗ ಇಟ್ಕೋತಾರ, ಹೊಲಸಾಗಬಾರ್ದು ಅಂತ. ಗಲ್ಲ ಒಳಗ ಹೋಗಿ ಗುಣಿ ಬೀಳ್ತದ, ಅಲ್ಲಿ ಬ್ಲೇಡ್ ಒಯ್ಯೋದು ಭಾಳ ನಾಜೂಕು.

"ಕಾಕಾ, ಸೆಟ್ ಹಾಕ್ಕೊಳ್ರಿ, ಗಲ್ಲ ತುಂಬಿದ್ರ ನನಗ ಹಗರ ಆಗ್ತದ."

"ಸಾಬೂನು ಬಾಯಾಗ ಹೋದ್ರ?"

"ಹೋಗಗೊಡೂದಿಲ್ಲ, ಬಾಯಿ ಮುಚ್ಚಿ ನಾಲಿಗಿಲೆ ಒಳಗಿಂದ ಗಲ್ಲ ಒತ್ತಿ ಹಿಡೀರಿ."

ಅವರು ಒತ್ತತಾರ, ಗುಣಿ ಮ್ಯಾಲೆ ಬರ್ತದ, ನಾ ಆ ಒಂದೀಟು ಜಾಗಾ ಮುಗಸ್ತೀನಿ. ಮುಗಿದ ಮ್ಯಾಲ ಉದಯವಾಣಿ ಹಿಡ್ಕೊಂಡು ಅಲ್ಲೇ ಕೂಡ್ತಾರ.

ಎರಡನೇ ಸುತ್ತಿಗೆ ಮತ್ತ ನೊರಿ ಹಚ್ಚಲೇಬೇಕು. ಈ ಸುತ್ತು ಅಡ್ಡಕ್ಕ ಒಯ್ತೀನಿ. "ಉಲ್ಟಾ ಮಾರೋ", ಅಂದ್ರ ಕೂದಲಿನ ದಿಕ್ಕಿಗೆ ಎದುರು ಬ್ಲೇಡ್ ಒಯ್ಯಿ, ಅಂತ ಭಾಳ ಮಂದಿ ಕೇಳ್ತಾರ, ಗಲ್ಲಕ್ಕ ಮಾಡ್ತೀನಿ, ಗುಂಗುರು ಕೂದಲಿನವರ ಕುತಗಿಗೆ ಮಾಡೂದೇ ಇಲ್ಲ. ತೊಗಲಿನ ಮಟ್ಟಕ್ಕಿಂತ ಕೆಳಗ ಕೊಯ್ದ ಗುಂಗುರು ಕೂದಲಾ ತಿರುಗಿ ಬೆಳೀವಾಗ ಒಳಗs ಚುಚ್ಕೊಂಡು ಕೆಂಪು ಗುಳ್ಳಿ ಎಬ್ಬಸ್ತದ, ಮುಂದಿನ ದಾಡಿಗೆ ಅದs ಗುಳ್ಳಿ ಕೊಯ್ದು ರಕ್ತ. ನುಣ್ಣಗ ಆಗಲಿಲ್ಲ ಅಂತ ಸಿಟ್ಟಾಗಿ ಹೋದವರೂ ಅದಾರ, ಹೋಗಲಿ.

ಲಾಕ್‌ಡೌನ್ ಸಡಿಲಾಗಿ ಮಹಾರಾಷ್ಟ್ರದಾಗ 2020ರ ಜೂನ್ 28ಕ್ಕ ಸಲೂನ್ ತೆಗೀಲಿಕ್ಕ ಪರವಾನಗಿ ಕೊಟ್ಟಾಗ ಕಟಿಂಗ್‌ಗೆ ಕೊಟ್ಟಿದ್ರು, ದಾಡಿಗೆ ಇಲ್ಲ. ಗ್ವಾಡಿ ಮ್ಯಾಲ ನಮ್ಮ ಕಸುಬಿನವರು ಪೂಜಿಸೋ ಶರಣ ಹಡಪದ ಅಪ್ಪಣ್ಣನವರ ಫೋಟೋಕ್ಕ ಹೂ ಏರಿಸಿ ಶಟರ್ ಎತ್ತಿದ್ವಿ, ಕುರ್ಚಿ ಒಂದೂ ಖಾಲಿ ಇಲ್ಲ, ಆದ್ರ ಉಸ್ತರಾ ಡಬ್ಬಿಯೊಳಗs. ಭಾಳ ಸಂಕಟ ಆಗಿತ್ತು ನನಗ. ಆಗ ಶುರು ಮಾಡಿದ ಒಗೆಯೋ ಕಾಗದದ ನ್ಯಾಪ್ಕಿನ್ ಇವತ್ತಿಗೂ ನಡಿಸೀನಿ.

ಶ್ರಾವಣದಾಗಂತೂ ದಾಡಿ ಧಂದಾ ಅರ್ಧಕ್ಕ ಬೀಳ್ತದ, ಮರಾಠಿ ಮಂದಿ, ನಮ್ಮ ಮಂದಿ ಎಷ್ಟೋ ಜನ ಮುಟ್ಟಸೂದಿಲ್ಲ. ಉತ್ತರ ಪ್ರದೇಶದವರ ಸಾವನ್ ನಮ್ಮದಕ್ಕಿಂತ 15 ದಿನ ಮೊದ್ಲು ಹತ್ತತದ, ಹಿಂಗಾಗಿ ಎರಡೂ ಕೂಡಿ ಒಂದೂವರೆ ತಿಂಗಳು ತಣ್ಣಗ. ಗಣಪತಿ ಬಂದಾಗ ಎಲ್ಲಾರೂ ತಿಂಗಳ ಗಡ್ಡ ತಗೊಂಡು ಒಮ್ಮೆಲೇ ಬರ್ತಾರ. ಅಂಥಾ ಗಡ್ಡಕ್ಕ ನೇರ ನೊರಿ ಹಚ್ಚಬಾರ್ದು, ಮಶೀನಿಲೆ ಪೂರಾ ಸಣ್ಣ ಮಾಡಿ ಆಮೇಲೆ ನೀರು. ಇಲ್ಲಂದ್ರ ಬ್ಲೇಡಿಗೆ ಕೂದಲಾ ಸಿಕ್ಕೊಂಡು ಜಗ್ತದ, ಗಿರಾಕಿ ಕಣ್ಣಾಗ ನೀರು ಬರ್ತದ.

ಕಲೀಲಿಕ್ಕ ಬಂದ ಹುಡುಗರಿಗೆ ನಾ ಮೊದ್ಲು ಪುಗ್ಗಾ ಉಬ್ಬಿಸಿ ನೊರಿ ಹಚ್ಚಿ ಕೊಡ್ತೀನಿ, ಒಡೀಲಾರದಂಗ ನೊರಿ ತೆಗೀಬೇಕು. ಅದು ಬಂದ ಮ್ಯಾಲೂ ಕುತಗಿ ಕೊಡೂದಿಲ್ಲ, ಬರೇ ನೆನೆಸೋದು, ಬ್ರಶ್ ತಿರುವೋದು. ಬ್ಯಾಸರಾಗಿ ಬಿಟ್ಟು ಹೋಗ್ತಾರ ಕೆಲವರು. ಉಳಿದವರ ಕೈ ಛಲೋ ಆಗ್ತದ.

ಇನ್ನ ಕುರ್ಚಿ ಮ್ಯಾಲ ಕೂಡೋವರಿಗೆ ನನ್ನದೊಂದು ಕಳಕಳಿ. ಹಾರ್ಟಿನ ಸಲುವಾಗಿ ರಕ್ತ ತೆಳು ಮಾಡೋ ಗುಳಿಗಿ ತಗೋತಿದ್ರ, ಶುಗರ್ ಇದ್ರ, ತುಟಿ ಹತ್ರ ನೀರಗುಳ್ಳಿ ಎದ್ದಿದ್ರ ಕೂಡೋಕ್ಕಿಂತ ಮೊದ್ಲೇ ಹೇಳ್ರಿ, ನಾಚ್ಕೋಬ್ಯಾಡ್ರಿ. ಗುಳ್ಳಿ ಇದ್ದವರಿಗೆ ಅದು ಆರೂತನಾ ನಾ ಬ್ಲೇಡ್ ಹಚ್ಚೂದಿಲ್ಲ, ಉಳಿದವರಿಗೆ ಒಂದೇ ಸುತ್ತು, ಕೂದಲಿದ್ದ ದಿಕ್ಕಿಗೇ, ಮತ್ತ ಇನ್ನೊಂದೆರಡು ಮಿನಿಟ್ ಹೆಚ್ಚಿಗಿ ಟಾವೆಲ್.