ಮೆಮೊರಿ ಪೇಟೆಂಟ್‌ನ ಕ್ಲೇಮ್ ನಿಜಕ್ಕೂ ಹೊಸದೇ? ಹಳೆಯ ದಾಖಲೆಯೊಂದಿಗೆ ಹೋಲಿಸುವ ಕ್ರಮ

ಅಮೆರಿಕದ ಪೇಟೆಂಟ್ ಕಾಯ್ದೆಯ 102ನೇ ಸೆಕ್ಷನ್ ಪ್ರಕಾರ ಹೊಸತನವಿಲ್ಲವೆಂದು ಕ್ಲೇಮ್ ಒಂದನ್ನು (ಅಂದರೆ ಪೇಟೆಂಟ್ ಯಾವುದರ ಮೇಲೆ ಹಕ್ಕು ಕೇಳುತ್ತದೆಂದು ಹೇಳುವ ವಾಕ್ಯವನ್ನು) ತಳ್ಳಿಹಾಕಬೇಕಾದರೆ, ಅದರ ಪ್ರತಿಯೊಂದು ಅಂಶವೂ ಒಂದೇ ಹಳೆಯ ದಾಖಲೆಯಲ್ಲಿ, ಕ್ಲೇಮ್ ಹೇಳುವ ಜೋಡಣೆಯಲ್ಲೇ ಇರಬೇಕು. ಎರಡು ದಾಖಲೆಗಳನ್ನು ಕೂಡಿಸಿ ವಾದಿಸುವುದು 103ನೇ ಸೆಕ್ಷನ್‌ಗೆ, ಅಂದರೆ ಪರಿಣತನಿಗೆ ಸಹಜವಾಗಿ ಹೊಳೆಯುವಂಥದ್ದೇ ಎಂಬ ಪ್ರಶ್ನೆಗೆ, ಸೇರಿದ ಬೇರೆಯೇ ವಿಚಾರ.

ಮೊದಲು ದಿನಾಂಕಗಳನ್ನು ಪರಿಶೀಲಿಸಿ. ದಾಖಲೆ ಯಾವಾಗ ಬರೆಯಲ್ಪಟ್ಟಿತು ಎಂಬುದಕ್ಕಿಂತ, ಸಾರ್ವಜನಿಕರ ಕೈಗೆ ಯಾವಾಗ ಸಿಕ್ಕಿತು ಎಂಬುದೇ ಮುಖ್ಯ.

ಬಳಿಕ ಕ್ಲೇಮ್ ಅನ್ನು ಅಂಶಗಳಾಗಿ ಬಿಡಿಸಿ, ಎದುರಿಗೆ ದಾಖಲೆಯ ಪುಟ ಮತ್ತು ಸಾಲನ್ನು ಬರೆಯುತ್ತಾ ಹೋಗಿ. ಒಂದು ಕಲ್ಪಿತ ಕ್ಲೇಮ್‌ನಲ್ಲಿ ಮೆಮೊರಿ ಕೋಶಗಳ ಸಾಲು, ಬಳಕೆದಾರ ಬದಲಿಸಬಹುದಾದ ಮೌಲ್ಯವನ್ನು ಇಟ್ಟುಕೊಳ್ಳುವ ರಿಜಿಸ್ಟರ್ (ಚಿಪ್‌ನೊಳಗಿನ ಪುಟ್ಟ ಸಂಗ್ರಹ ಜಾಗ), ಹಾಗೂ ಆ ಮೌಲ್ಯದಷ್ಟು ಕ್ಲಾಕ್ ಸುತ್ತುಗಳ (ಚಿಪ್‌ನ ಕಾಲಮಿಡಿತಗಳ) ವಿಳಂಬದ ನಂತರ ದತ್ತಾಂಶ ಹೊರಬಿಡುವ ಸರ್ಕ್ಯೂಟ್ ಇವೆ ಎಂದುಕೊಳ್ಳಿ. ಹಳೆಯ ಕೈಪಿಡಿಯಲ್ಲಿ ಈ ವಿಳಂಬವನ್ನು ಕಾರ್ಖಾನೆಯಲ್ಲೇ ಫ್ಯೂಸ್ ಸುಟ್ಟು ಶಾಶ್ವತವಾಗಿ ನಿಗದಿಪಡಿಸಿದ್ದರೆ, ಉಳಿದೆಲ್ಲವೂ ಹೊಂದಿದರೂ ಪಟ್ಟಿಯಲ್ಲಿ ರಿಜಿಸ್ಟರ್‌ನ ಸಾಲು ಖಾಲಿಯಾಗಿಯೇ ಉಳಿಯುತ್ತದೆ. ಒಂದು ಸಾಲು ಖಾಲಿಯಿದ್ದರೂ ಈ ಆಕ್ಷೇಪಣೆ ನಿಲ್ಲುವುದಿಲ್ಲ. ಒಂದೇ ದಾಖಲೆಯ ಬೇರೆ ಬೇರೆ ವಿನ್ಯಾಸಗಳಿಂದ ತುಣುಕುಗಳನ್ನು ಆರಿಸಿ ಸೇರಿಸುವುದೂ ಸಲ್ಲದೆಂದು 2008ರ ನೆಟ್ ಮನಿಇನ್ ವಿರುದ್ಧ ವೆರಿಸೈನ್ ತೀರ್ಪು ಹೇಳಿದೆ.

ಹೆಚ್ಚಿನ ಎಚ್ಚರ ಬೇಕಾದದ್ದು ಅಂತರ್ಗತ ಅಂಶಗಳ, ಅಂದರೆ ದಾಖಲೆ ಬಾಯಿಬಿಟ್ಟು ಹೇಳದಿದ್ದರೂ ಅದರಲ್ಲಿ ಇದ್ದೇ ಇರುವ ಅಂಶಗಳ, ವಿಷಯದಲ್ಲಿ. ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಇರುವ ಡಿ-ರ್ಯಾಮ್ (DRAM, ವಿದ್ಯುದಾವೇಶದ ರೂಪದಲ್ಲಿ ದತ್ತಾಂಶ ಇಡುವ ಮೆಮೊರಿ) ಕೋಶವನ್ನು ದಾಖಲೆ ವಿವರಿಸಿದ್ದರೆ, ವಿದ್ಯುದಾವೇಶ ಸೋರುತ್ತದೆಂದು ಅದು ಹೇಳದಿದ್ದರೂ ಸೋರಿಕೆ ಆ ರಚನೆಯ ಅನಿವಾರ್ಯ ಗುಣ. ಆದರೆ ಸೋರಿದ ಆವೇಶವನ್ನು ಮತ್ತೆ ತುಂಬುವ ರಿಫ್ರೆಶ್ ಸರ್ಕ್ಯೂಟ್ ಚಿಪ್‌ನೊಳಗೇ ಇತ್ತೆಂದು ಅದರಿಂದ ತೀರ್ಮಾನಿಸಲಾಗದು, ಏಕೆಂದರೆ ಹೊರಗಿನ ಕಂಟ್ರೋಲರ್ ಆ ಕೆಲಸ ಮಾಡಿರಬಹುದು. ಇರುವ ಸಂಭವ ಹೆಚ್ಚು ಎನ್ನುವುದು ಸಾಲದು, ಇರಲೇಬೇಕು ಎಂದು ತೋರಿಸಬೇಕು. ಈ ಅಂತರವನ್ನು ಕಡೆಗಣಿಸಿದ ವಾದ ಎಷ್ಟೇ ಜಾಣತನದ್ದಾದರೂ ದುರ್ಬಲವೆಂದೇ ನನ್ನ ಅಭಿಪ್ರಾಯ.

ಕ್ಷೇತ್ರದ ಪರಿಣತನೊಬ್ಬ ಅತಿಯಾದ ಪ್ರಯೋಗಗಳಿಲ್ಲದೆ ಚಿಪ್ ತಯಾರಿಸುವಷ್ಟು ವಿವರವೂ ದಾಖಲೆಯಲ್ಲಿರಬೇಕು. ಆದರೆ ಆ ಚಿಪ್ ಮಾರುಕಟ್ಟೆಗೆ ಬಂದಿರಬೇಕೆಂದೇನಿಲ್ಲ.

ಕೊನೆಗೆ, ವಾದ ಎಲ್ಲಿ ಮಂಡಿಸುತ್ತೀರಿ ಎಂಬುದನ್ನು ನಿರ್ಧರಿಸಿ. ಪೇಟೆಂಟ್ ಕಚೇರಿಯ ಇಂಟರ್ ಪಾರ್ಟೀಸ್ ರಿವ್ಯೂನಲ್ಲಿ (ಕೊಟ್ಟ ಪೇಟೆಂಟನ್ನು ಇತರರು ಪ್ರಶ್ನಿಸುವ ಮರುಪರಿಶೀಲನೆಯಲ್ಲಿ) ಪೇಟೆಂಟ್‌ಗಳನ್ನೂ ಮುದ್ರಿತ ಪ್ರಕಟಣೆಗಳನ್ನೂ ಮಾತ್ರ ಆಧಾರವಾಗಿಸಬಹುದು, ಸಾಕ್ಷ್ಯದ ತೂಕ ನಿಮ್ಮ ಕಡೆ ವಾಲಿದರೆ ಸಾಕು. ನ್ಯಾಯಾಲಯದಲ್ಲಾದರೆ, ಮೈಕ್ರೋಸಾಫ್ಟ್ ವಿರುದ್ಧ ಐಫೋರ್ಐ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಂತೆ, ಸ್ಪಷ್ಟವೂ ಮನದಟ್ಟಾಗುವಂಥದೂ ಆದ ಸಾಕ್ಷ್ಯವನ್ನೇ ಒದಗಿಸಬೇಕಾಗುತ್ತದೆ.