ಬರೆಯುವುದಕ್ಕೆ ಆರು ತಿಂಗಳ ದುಡ್ಡು: ಪಿಎಂ-ಯುವಗೆ ಅರ್ಜಿ ಹಾಕುವುದು ಹೇಗೆ

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಕಾಲೇಜು ಪ್ರಾಜೆಕ್ಟು ಎಲ್ಲ ಟೈಪ್ ಮಾಡುತ್ತೇನೆ. ಸಂಜೆ ಆರರ ಮೇಲೆ ಬರುವವರೇ ಬೇರೆ. ಚೀಲದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಅಂಗಡಿ ಖಾಲಿಯಾಗುವ ತನಕ ಹೊರಗೇ ನಿಂತಿರುತ್ತಾರೆ. ಇಂಥವರಿಗೆ ನಾನು ಮೊದಲು ಹೇಳುವುದೇ ಪಿಎಂ-ಯುವ, ಅಂದರೆ ಬರೆಯುವ ಹುಡುಗ ಹುಡುಗಿಯರಿಗೆ ಕೇಂದ್ರ ಸರ್ಕಾರ ದುಡ್ಡು ಕೊಟ್ಟು ಪುಸ್ತಕ ಬರೆಸುವ ಯೋಜನೆಯ ವಿಷಯ.

ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 50,000 ರೂಪಾಯಿ ಇದೆ, ನಿಜ. ಆದರೆ ಅದಕ್ಕೆ ಪುಸ್ತಕ ಆಗಲೇ ಅಚ್ಚಾಗಿರಬೇಕು. ಪಿಎಂ-ಯುವದಲ್ಲಿ ಪುಸ್ತಕ ಮುಗಿದಿರಬೇಕಿಲ್ಲ. ಆಯ್ಕೆಯಾದರೆ ತಿಂಗಳಿಗೆ 50,000ದಂತೆ ಆರು ತಿಂಗಳು, ಒಟ್ಟು ಮೂರು ಲಕ್ಷ. ಪುಸ್ತಕ ತರುವುದು ಕೇಂದ್ರ ಸರ್ಕಾರದ ಪ್ರಕಾಶನ ಸಂಸ್ಥೆ ನ್ಯಾಷನಲ್ ಬುಕ್ ಟ್ರಸ್ಟ್, ಆಮೇಲೆ ಶೇಕಡ 10 ರಾಯಲ್ಟಿ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಆರು ತಿಂಗಳು ಮನೆಯಲ್ಲಿ ಕೂತು ಬರೆಯಬಹುದು ಅಂದರೆ ಸಣ್ಣ ಮಾತಲ್ಲ, ಅಲ್ವಾ?

ವಯಸ್ಸು 30ರೊಳಗಿರಬೇಕು. ಕನ್ನಡದಲ್ಲೇ ಬರೆಯಬಹುದು. 2025ರ ಮೂರನೇ ಸುತ್ತಿನಲ್ಲಿ ಇಡೀ ದೇಶಕ್ಕೆ 50 ಜನ ಅಂತ ಇತ್ತು. ವಿಷಯವನ್ನು ಅವರೇ ಕೊಡುತ್ತಾರೆ. ಮುಂದಿನ ಸುತ್ತು ಯಾವಾಗ ಅಂತ ಕೇಂದ್ರ ಸರ್ಕಾರದ ಮೈಗವ್ (MyGov) ತಾಣದಲ್ಲಿ ನೋಡುತ್ತಿರಿ.

ಅವರ ವಿಷಯ ನೋಡಿ ಹೆದರಬೇಡಿ. ಕಳೆದ ಸಲ ಒಂದು ವಿಷಯ ಆಧುನಿಕ ಭಾರತವನ್ನು ಕಟ್ಟಿದವರ ಬಗ್ಗೆ. ಒಬ್ಬಳು ಹುಡುಗಿ ದಿಲ್ಲಿಯವರ ಹೆಸರನ್ನೇ ಹುಡುಕುತ್ತಿದ್ದಳು. ‘ಗೌರಿಬಿದನೂರಿನ ಹತ್ತಿರದ ಹೊಸೂರಿನ ಎಚ್. ನರಸಿಂಹಯ್ಯನವರು ಇಲ್ಲವೇನಮ್ಮ?’ ಅಂದೆ. ಅವಳು ಪಟ್ಟಿ ಮಾಡಿ ತಂದಳು: ಬಾಲ್ಯ, ವಿದ್ಯಾಭ್ಯಾಸ, ಸಾಧನೆ, ಪ್ರಶಸ್ತಿಗಳು. ಇಂಥ ಪಟ್ಟಿ ಯಾರ ಬಗ್ಗೆ ಬೇಕಾದರೂ ಮಾಡಬಹುದು, ಅವರದೇ ಅನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಓದಬೇಕೆಂಬ ಆಸೆಗೆ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ ಹುಡುಗ ನರಸಿಂಹಯ್ಯ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮೊದಲ ಅಧ್ಯಾಯದಲ್ಲಿ ಆ ದಾರಿ ಇರಲಿ ಅಂದೆ. ಎರಡು ವಾರ ಬಿಟ್ಟು ಬಂದಾಗ ಅವಳ ಪಟ್ಟಿಯೇ ಬೇರೆಯಾಗಿತ್ತು. ಹೊಸೂರಿಗೆ ಹೋಗಿ ಬಂದಿದ್ದಳು.

ಮೂರನೇ ಸುತ್ತಿನಲ್ಲಿ ಕಳಿಸಬೇಕಾಗಿದ್ದದ್ದು ಇಷ್ಟು: 2,000ದಿಂದ 3,000 ಪದಗಳ ಸಾರಾಂಶ, ಅಧ್ಯಾಯಗಳ ಪಟ್ಟಿ, ಮಾದರಿಗೆ ಎರಡು ಮೂರು ಅಧ್ಯಾಯ, ಓದಿಕೊಂಡ ಪುಸ್ತಕಗಳ ಪಟ್ಟಿ. ಮಾದರಿ ಅಧ್ಯಾಯಗಳೇ 7,000ದಿಂದ 8,000 ಪದ. ಎಲ್ಲ ಸೇರಿ 10,000 ದಾಟಬಾರದು ಅಂತ ಇತ್ತು. ಅಧ್ಯಾಯಗಳನ್ನು ಮೊದಲು ಬರೆಯಿರಿ, ಸಾರಾಂಶ ಕೊನೆಗೆ. ಹೆಚ್ಚಿನವರು ತಿರುಗಾಮುರುಗಾ ಮಾಡಿ, ಸಾರಾಂಶದಲ್ಲಿ ಹೇಳಿದ್ದು ಅಧ್ಯಾಯದಲ್ಲಿ ಇಲ್ಲದ ಹಾಗೆ ಮಾಡಿಕೊಳ್ಳುತ್ತಾರೆ.

ಇನ್ನು ನನ್ನ ಕಸುಬಿನ ಮಾತು. ದಯವಿಟ್ಟು ಯೂನಿಕೋಡ್‌ನಲ್ಲೇ, ಅಂದರೆ ಈಗಿನ ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರದಲ್ಲಿ, ಟೈಪ್ ಮಾಡಿಸಿ. ಹಳೇ ನುಡಿ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಒಬ್ಬ ಹುಡುಗನ ಕಥೆಗಳನ್ನು ಒಂದು ಸ್ಪರ್ಧೆಗೆ ನಾನೇ ಹಾಗೆ ಕಳಿಸಿಬಿಟ್ಟಿದ್ದೆ. ಒಂದು ವರ್ಷದ ಬರವಣಿಗೆ, ಯಾರೂ ಓದಲಿಲ್ಲ. ಅವನ ಮುಖ ಈಗಲೂ ಕಣ್ಣ ಮುಂದಿದೆ. ಕನ್ವರ್ಟ್ ಮಾಡಿದರೂ ಸುಮ್ನೆ ನಂಬಬೇಡಿ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ಒತ್ತಕ್ಷರ ಬಿಟ್ಟುಹೋಗಿರುತ್ತದೆ. ಪಿಡಿಎಫ್ ಮಾಡಿ, ಬೇರೆಯವರ ಮೊಬೈಲಿಗೆ ಕಳಿಸಿ, ಅಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿಸಿ.

ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ ಎರಡೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ಕೊನೇ ದಿನಕ್ಕೆ ಮಾತ್ರ ಉಳಿಸಿಕೊಳ್ಳಬೇಡಿ. ಫೈಲು ಓದಲು ಬರುತ್ತದೋ ಇಲ್ಲವೋ ಅನುಮಾನವಿದ್ದರೆ ಪೆನ್‌ಡ್ರೈವ್ ತನ್ನಿ, ಸಂಜೆ ಆರರ ಮೇಲೆ. ಇದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.